ಬೊಗಳುವುದಕ್ಕೆ ಕೂಲಿ ಕೊಡುವವರು ಯಾರು?

ಗುಂಡ್ಲುಪೇಟೆ ತಾಲ್ಲೂಕಿನ ಮಂಗಲ, ಎಲಚೆಟ್ಟಿ, ಕುಂದಕೆರೆಯಂಥ ಕಾಡಂಚಿನ ಊರುಗಳಲ್ಲಿ ನಾಯಿ ಸಾಕುವುದು ಹವ್ಯಾಸವಲ್ಲ. ಬೇಲಿ, ಟಾರ್ಚು, ತಮಟೆಗಳಂತೆ ಅದೂ ಬೇಸಾಯದ ಒಂದು ಸಾಧನ. ಫಸಲು ಕಾಯಲು ಅಟ್ಟಣೆಯೇರಿದ ರೈತ ನಡುರಾತ್ರಿ ಕಣ್ಣು ಮುಚ್ಚಿದರೂ ಕೆಳಗೆ ಮುದುಡಿ ಮಲಗಿದ ನಾಯಿಯ ಕಿವಿ ಎಚ್ಚರವಾಗಿರುತ್ತದೆ. ಬಂಡೀಪುರವನ್ನು ಹಾದು ವಯನಾಡಿಗೂ ಊಟಿಗೂ ಹೋಗುವ ಹೆದ್ದಾರಿಗಳಲ್ಲಿ ಕೆಲವು ಬಸ್ಸುಗಳು ಹಾಗೂ ತುರ್ತು ವಾಹನಗಳನ್ನು ಬಿಟ್ಟರೆ ಉಳಿದ ಸಂಚಾರವನ್ನು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಿಷೇಧಿಸಲಾಗಿದೆ. ಹಾಗಾಗಿ ಈ ಭಾಗದ ರಾತ್ರಿ ಇಂದಿಗೂ ನಿಜವಾದ ರಾತ್ರಿಯೇ. ನಾಯಿಯ ಒಂದು ದನಿ ಹೊಲದಿಂದ ಹೊಲಕ್ಕೆ ಕೇಳುತ್ತದೆ. ಕೇಳಿದವರು ಎದ್ದು ಕುಳಿತುಕೊಳ್ಳುತ್ತಾರೆ.

ಅಲ್ಲಿಂದ ಕೆಲವೇ ಮೈಲಿ ದೂರದ ಗುಂಡ್ಲುಪೇಟೆಯ ಹೊಸ ಬಡಾವಣೆಗಳಿಗೆ ಬನ್ನಿ. ಅಥವಾ 1997ರಲ್ಲಿ ಜಿಲ್ಲಾ ಕೇಂದ್ರವಾದ ಮೇಲೆ ನಾಲ್ಕೂ ದಿಕ್ಕಿಗೆ ಬೆಳೆದ ಚಾಮರಾಜನಗರಕ್ಕೆ ಬನ್ನಿ. ಇಲ್ಲಿಯೂ ನಾಯಿಗಳು ಬೊಗಳುತ್ತವೆ, ಆದರೆ ಎದ್ದು ಕೂರುವವರು ಯಾರೂ ಇಲ್ಲ. ಕಬ್ಬಿಣದ ಗೇಟು, ಅದರ ಮೇಲೆ ‘ನಾಯಿ ಇದೆ ಎಚ್ಚರಿಕೆ’ ಎಂಬ ಫಲಕ, ಒಳಗೆ ನಾಲ್ಕಡಿ ಚೈನಿನಲ್ಲಿ ಒಂದು ಜರ್ಮನ್ ಷೆಫರ್ಡ್ ಅಥವಾ ಲ್ಯಾಬ್ರಡಾರ್. ಬೆಳಿಗ್ಗೆ ಹಾಲಿನವನಿಗೆ, ಆಮೇಲೆ ಪತ್ರಿಕೆಯ ಹುಡುಗನಿಗೆ, ಸೊಪ್ಪಿನವಳಿಗೆ, ಶಾಲೆಯ ವ್ಯಾನಿಗೆ, ಎದುರುಮನೆಯ ಕುಕ್ಕರಿನ ಸೀಟಿಗೆ, ಗೋಡೆಯ ಮೇಲಿನ ಬೆಕ್ಕಿಗೆ, ಕೊನೆಗೆ ಬೀದಿಯ ಆಚೆ ಬದಿಯಲ್ಲಿ ಹೀಗೆಯೇ ಬೊಗಳುತ್ತಿರುವ ಇನ್ನೊಂದು ನಾಯಿಗೆ ಅದು ಬೊಗಳುತ್ತದೆ. ಮನೆಯವರು ಟಿ.ವಿ.ಯ ದನಿ ಏರಿಸುತ್ತಾರೆ. ನೆರೆಮನೆಯವರು ಕಿಟಕಿ ಮುಚ್ಚುತ್ತಾರೆ. ನಿಜವಾಗಿ ಕಳ್ಳನೇ ಬಂದರೂ ಆ ದನಿಗೂ ಈ ದನಿಗೂ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ.

ಅರ್ಥಶಾಸ್ತ್ರ ಓದಿದವನಿಗೆ ಇದು ಪರಿಚಿತ ಕಾಯಿಲೆ. ನೋಟು ಹೆಚ್ಚಾದಷ್ಟೂ ಪ್ರತಿ ನೋಟಿನ ಬೆಲೆ ಇಳಿಯುತ್ತದೆ. ಬೊಗಳುವುದಕ್ಕೂ ಅದೇ ನಿಯಮ. ಹೊಲದ ನಾಯಿಯ ದನಿಗೆ ಬೆಲೆಯಿರುವುದು ಅದು ಅಪರೂಪವಾದ್ದರಿಂದ. ಬಡಾವಣೆಯ ನಾಯಿಯ ಬೊಗಳು ಹಣದುಬ್ಬರಕ್ಕೆ ಸಿಕ್ಕಿದ ನಾಣ್ಯ. ಹಣದುಬ್ಬರದಲ್ಲಿ ನೋಟು ಮುದ್ರಿಸುವವರು ಯಾರೆಂದು ಕೇಳುವಂತೆ ಇಲ್ಲಿಯೂ ಕೇಳಬೇಕು. ನಾಯಿ ಮುದ್ರಿಸುತ್ತಿಲ್ಲ, ನಾವು ಮುದ್ರಿಸುತ್ತಿದ್ದೇವೆ ಎಂಬುದು ನನ್ನ ವಾದ.

ನಾಯಿಯ ಕಾಡಿನ ಬಂಧುಗಳು ಇಷ್ಟು ಬೊಗಳುವುದಿಲ್ಲ. ಬೆಳೆದ ತೋಳ ಬೊಗಳುವುದು ವಿರಳ. ನಮ್ಮ ಬಂಡೀಪುರದ ಸೀಳುನಾಯಿಗಳಂತೂ ಬೇಟೆಯಲ್ಲಿ ಚದುರಿದಾಗ ಶಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತವೆ. 1970ರ ದಶಕದಲ್ಲಿ ಎ.ಜೆ.ಟಿ. ಜಾನ್‌ಸಿಂಗ್ ಅವರು ಬಂಡೀಪುರದಲ್ಲಿಯೇ ಅವುಗಳನ್ನು ಅಧ್ಯಯನ ಮಾಡಿದರು. ಆ ಬಳಿಕ ಕೃಪಾಕರ–ಸೇನಾನಿಯವರ ಚಿತ್ರ ಅವುಗಳ ಬದುಕನ್ನು ನಮ್ಮ ಮನೆಗಳಿಗೆ ತಂದಿತು. ಸಾಕುನಾಯಿ ಮಾತ್ರ ಸಾವಿರಾರು ವರ್ಷ ಮನುಷ್ಯನ ಮಗ್ಗುಲಲ್ಲಿ ಬಾಳಿ ಬೊಗಳುವುದನ್ನು ಒಂದು ಭಾಷೆಯಾಗಿ ಬೆಳೆಸಿಕೊಂಡಿದೆ. ಹಂಗೆರಿಯ ಬುಡಾಪೆಸ್ಟ್‌ನಲ್ಲಿ ಪೀಟರ್ ಪೊಂಗ್ರಾಟ್ಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ಸಂದರ್ಭಗಳಲ್ಲಿ ಧ್ವನಿಮುದ್ರಿಸಿದ ಬೊಗಳುಗಳನ್ನು ಜನರಿಗೆ ಕೇಳಿಸಲಾಯಿತು. ಅಪರಿಚಿತನನ್ನು ಕಂಡದ್ದು, ಒಂಟಿಯಾಗಿ ಕಟ್ಟಿಹಾಕಿದ್ದು, ಆಟಕ್ಕೆ ಕರೆದದ್ದು, ಇವುಗಳನ್ನು ನಾಯಿ ಸಾಕಿದ ಅನುಭವವಿಲ್ಲದವರೂ ಸಾಕಷ್ಟು ಮಟ್ಟಿಗೆ ಗುರುತಿಸಿದರು.

ಕಾಡಂಚಿನ ರೈತರಿಗೆ ಇದನ್ನು ಬುಡಾಪೆಸ್ಟ್‌ನಿಂದ ಹೇಳಿಸಬೇಕಾಗಿಲ್ಲ. ಹಂಗಳದ ಬಳಿ ಹೊಲ ಕಾಯುತ್ತಿದ್ದ ಹಿರಿಯರೊಬ್ಬರು ನನಗೆ ಹೇಳಿದ್ದು ಹೀಗೆ: “ಹಂದಿ ಬಂದ್ರ ಒಂದ್ ತರ ಬೊಗುಳ್ತದ, ಆನ ಬಂದ್ರ ಇನ್ನೊಂದ್ ತರ ಸಾ. ಚಿರತ ಬಂದ್ರ ಉಸುರೇ ಬುಡಲ್ಲ, ಮಂಚದ ಕೆಳಕ ಸೇರ್ಕತ್ತದ.” ಆ ಕೊನೆಯ ಮಾತಿಗೆ ಕಾರಣವೂ ಇದೆ. ಚಿರತೆಗೆ ನಾಯಿ ಸುಲಭದ ಆಹಾರ. ಮಹಾರಾಷ್ಟ್ರದ ಅಕೋಲೆ ಪ್ರದೇಶದಲ್ಲಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಂತೆ ಅಲ್ಲಿನ ಚಿರತೆಗಳ ಆಹಾರದ ತೂಕದಲ್ಲಿ ಶೇ 39ರಷ್ಟು ಸಾಕುನಾಯಿಗಳದೇ ಆಗಿತ್ತು.

ಹಾಗಾದರೆ ಅರ್ಥವಿದ್ದ ಈ ಭಾಷೆ ಬಡಾವಣೆಯಲ್ಲಿ ಬರಿಯ ಗದ್ದಲವಾಗುವುದು ಹೇಗೆ? ಉತ್ತರ ಗೇಟಿನಲ್ಲಿದೆ. ಹಾಲಿನವನು ಬರುತ್ತಾನೆ, ನಾಯಿ ಬೊಗಳುತ್ತದೆ, ಹಾಲಿನವನು ಹೋಗುತ್ತಾನೆ. ಅವನು ಹೇಗೂ ಹೋಗುವವನೇ. ಆದರೆ ನಾಯಿಯ ಲೆಕ್ಕದಲ್ಲಿ ಅವನನ್ನು ಓಡಿಸಿದ್ದು ತನ್ನ ಗಂಟಲು. ಈ ಜಯ ಅದಕ್ಕೆ ದಿನಕ್ಕೆ ಇಪ್ಪತ್ತು ಸಲ ದೊರೆಯುತ್ತದೆ. ಇದು ಮೊದಲನೆಯ ಕೂಲಿ. ಎರಡನೆಯದನ್ನು ಕೊಡುವವರು ಮನೆಯವರು. ದಿನವಿಡೀ ಯಾರೂ ಮಾತನಾಡಿಸದ ನಾಯಿ ಬೊಗಳಿದೊಡನೆ ಯಜಮಾನ ಹೊರಬಂದು “ಏಯ್, ಸುಮ್ಮನಿರು!” ಎಂದು ಕೂಗುತ್ತಾನೆ. ಅದನ್ನು ಗದರಿಕೆ ಎಂದು ನಾವು ತಿಳಿಯುತ್ತೇವೆ. ನಾಯಿಗೆ ಅದು ಯಜಮಾನನ ದರ್ಶನ. ಮೇಲಾಗಿ ತನ್ನ ಜೊತೆಗೆ ಅವನೂ ಬೊಗಳಿದ್ದಾನೆ ಎಂಬ ಸಮಾಧಾನ. ಮೂರನೆಯ ಕೂಲಿ ನೇರವಾದದ್ದು: ಬಾಯಿ ಮುಚ್ಚಿಸಲು ಎಸೆಯುವ ಬಿಸ್ಕತ್ತು. ಯಾವ ಕೆಲಸಕ್ಕೆ ದಿನವೂ ಸಕಾಲದಲ್ಲಿ ಸಂಬಳ ಬರುತ್ತದೆಯೋ ಆ ಕೆಲಸವನ್ನು ಯಾರೂ ಬಿಡುವುದಿಲ್ಲ. ಸರ್ಕಾರಿ ಸೇವೆಯಲ್ಲಿದ್ದವನಾಗಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲವೆಂದು ಭಾವಿಸುತ್ತೇನೆ.

ಗುಂಡ್ಲುಪೇಟೆಯಲ್ಲಿರುವ ನನ್ನ ತಂಗಿಯ ಮಗನ ಮನೆಯ ಪ್ರಕರಣವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹುಲಿ ಅಭಯಾರಣ್ಯದ ಊರಿನಲ್ಲಿದ್ದೂ ಅವನು ತನ್ನ ಜರ್ಮನ್ ಷೆಫರ್ಡಿಗೆ ಟೈಗರ್ ಎಂದು ಹೆಸರಿಟ್ಟಿದ್ದ. ಎರಡು ವರ್ಷದ ಗಂಡುನಾಯಿ, ಒಳ್ಳೆಯ ಮೈಕಟ್ಟು. ಹಗಲೆಲ್ಲ ಗೇಟಿನ ಪಕ್ಕ ಚೈನಿನಲ್ಲಿ, ರಾತ್ರಿ ಅಂಗಳದಲ್ಲಿ. ಬೀದಿಯಲ್ಲಿ ಯಾರು ಹೋದರೂ ಬೊಗಳು. ಮನೆಗೆ ಯಾರು ಬಂದರೂ ಎದೆಯ ಮೇಲೆ ಎರಡು ಕಾಲು. ಪಕ್ಕದ ಮನೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು. ಹೃದಯದ ಶಸ್ತ್ರಚಿಕಿತ್ಸೆಯಾಗಿ ರಾತ್ರಿ ನಿದ್ರೆ ಕಡಿಮೆ. ಅವರ ಮೊಮ್ಮಗ ಎಸ್ಸೆಸ್ಸೆಲ್ಸಿ. ಇಪ್ಪತ್ತು ವರ್ಷ ಹಬ್ಬದ ಹೋಳಿಗೆ ಬದಲಿಸಿಕೊಂಡ ಎರಡು ಮನೆಗಳ ನಡುವೆ ಮಾತು ನಿಂತಿತು. ಆ ಅಮ್ಮ ಪುರಸಭೆಗೆ ಅರ್ಜಿ ಬರೆದರು. ಅದನ್ನು ತಿಳಿದ ನನ್ನ ಸೋದರಳಿಯ, “ಮಾವ, ನಾಯಿಯನ್ನು ಯಾವುದಾದರೂ ತೋಟಕ್ಕೆ ಕೊಟ್ಟುಬಿಡುತ್ತೇನೆ, ಯಾರೂ ತೆಗೆದುಕೊಳ್ಳದಿದ್ದರೆ ಕಾಡಿನ ಕಡೆ ಬಿಟ್ಟುಬರುತ್ತೇನೆ” ಎಂದ.

ಈ ಎರಡನೆಯ ಮಾತು ಎಷ್ಟು ಗಂಭೀರವಾದದ್ದು ಎಂಬುದು ಹೇಳುವವರಿಗೆ ತಿಳಿದಿರುವುದಿಲ್ಲ. ಚೈನಿನಲ್ಲಿ ಬೆಳೆದ ನಾಯಿ ಕಾಡಂಚಿನಲ್ಲಿ ಎಷ್ಟು ರಾತ್ರಿ ಬದುಕೀತು ಎಂಬುದು ಒಂದು ಪ್ರಶ್ನೆ. ಅದು ಬದುಕಿದರೆ ಏನಾದೀತು ಎಂಬುದು ಇನ್ನೂ ದೊಡ್ಡದು. ಡಿಸ್ಟೆಂಪರ್ ಎಂಬ ವೈರಾಣು ರೋಗ ಸಾಕುನಾಯಿಗಳಿಂದ ಕಾಡಿನ ಮಾಂಸಾಹಾರಿಗಳಿಗೆ ಹರಡಬಲ್ಲುದು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಈ ವೈರಾಣು ಪತ್ತೆಯಾಗಿತ್ತು. ಬಂಡೀಪುರ ಮತ್ತು ಬಿಳಿಗಿರಿರಂಗನ ಬೆಟ್ಟಗಳ ಹುಲಿ, ಸೀಳುನಾಯಿಗಳಿಗೆ ನಾವು ಕಳುಹಿಸಬೇಕಾದ ಕಾಣಿಕೆ ಇದಲ್ಲ. ಬೇಡವಾದ ನಾಯಿಯನ್ನು ರಸ್ತೆಯಲ್ಲಿ ಇಳಿಸಿ ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಕೊನೆಗೆ ಆರು ವಾರ ಕಾದು ನೋಡುವುದೆಂದು ಒಪ್ಪಿಸಲಾಯಿತು. ಚಾಮರಾಜನಗರದ ಪರಿಚಿತ ಪಶುವೈದ್ಯರು ಮೊದಲು ನಾಯಿಯ ಕಿವಿ, ಹಲ್ಲು, ಕೀಲುಗಳನ್ನು ಪರೀಕ್ಷಿಸಿದರು; ನೋವಿರುವ ನಾಯಿಗೆ ಪಾಠ ಹೇಳಿ ಪ್ರಯೋಜನವಿಲ್ಲ. ಅನಂತರ ಒಂದು ವಾರ ದಿನಚರಿ ಬರೆಯಲು ಹೇಳಿದರು: ಯಾವಾಗ ಬೊಗಳಿತು, ಅದಕ್ಕೆ ಮುಂಚೆ ಏನಾಯಿತು, ಬೊಗಳಿದ ಮೇಲೆ ಏನಾಯಿತು. ಮೂರನೆಯ ಕಾಲಮ್ಮೇ ಮುಖ್ಯ, ಹೆಚ್ಚಿನವರು ಬರೆಯದೆ ಬಿಡುವುದೂ ಅದನ್ನೇ. ದಿನಚರಿ ತುಂಬಿದಾಗ ಟೈಗರನ ‘ಸದಾ ಬೊಗಳುವ ಚಾಳಿ’ ಮೂರು ತುಂಡಾಗಿ ಕಾಣಿಸಿತು. ಬಹುಪಾಲು ಗೇಟಿನ ಸರಳುಗಳ ನಡುವೆ ಕಂಡವರಿಗೆ ಬೊಗಳಿದ್ದು. ಇನ್ನೊಂದು ಪಾಲು ಸಂಜೆ ಮನೆಯವರು ಬಂದಾಗಿನ ಹುಚ್ಚು ಸಂಭ್ರಮ. ಮೂರನೆಯದು ರಾತ್ರಿ ಅಂಗಳದಲ್ಲಿ ಒಂಟಿಯಾಗಿದ್ದಾಗ ಒಂದೇ ಲಯದಲ್ಲಿ ಗಂಟೆಗಟ್ಟಲೆ ಬರುತ್ತಿದ್ದ, ಉತ್ತರ ನಿರೀಕ್ಷಿಸದ ದನಿ. ಮೂರಕ್ಕೂ ಮದ್ದು ಬೇರೆ ಬೇರೆ.

ಗೇಟಿನದು ಎಲ್ಲಕ್ಕಿಂತ ಅಗ್ಗದ ಪರಿಹಾರ. ಸರಳುಗಳಿಗೆ ಎದೆಯೆತ್ತರದವರೆಗೆ ತಗಡಿನ ಶೀಟು ಹೊಡೆಸಿದರು; ನಾಯಿಯ ಜಾಗವನ್ನು ಹಿತ್ತಲಿನ ಕಡೆಗೆ ಬದಲಿಸಿದರು. ಕಾಣದಿದ್ದುದಕ್ಕೆ ಬೊಗಳುವುದು ಕಡಿಮೆ. ಇದರ ಜೊತೆಗೆ ‘ಸಾಕು’ ಎಂಬ ಮಾತನ್ನು ಕಲಿಸುವುದು. ನಾಯಿ ಎರಡು ಮೂರು ಸಲ ಬೊಗಳಲಿ, ಅದು ಅದರ ಧರ್ಮ. ಆಗ ಹತ್ತಿರ ಹೋಗಿ ಬೇಯಿಸಿದ ಕೋಳಿಯ ಒಂದು ಚೂರನ್ನು ಮೂಗಿನ ಮುಂದೆ ಹಿಡಿಯಬೇಕು. ಮೂಸುವ ನಾಯಿ ಬೊಗಳಲಾರದು. ಆ ಮೌನದ ಕ್ಷಣದಲ್ಲಿ ಮೆಲುದನಿಯಲ್ಲಿ ‘ಸಾಕು’ ಎಂದು ಹೇಳಿ ಚೂರನ್ನು ಕೊಡಬೇಕು. ಮೊದಲ ದಿನ ಎರಡು ಸೆಕೆಂಡಿನ ಮೌನಕ್ಕೆ, ಆಮೇಲೆ ಐದಕ್ಕೆ, ಹತ್ತಕ್ಕೆ, ಅರ್ಧ ನಿಮಿಷಕ್ಕೆ. ಒಂದು ವಾರದ ನಂತರ ಕೈಯಲ್ಲಿ ಚೂರಿಲ್ಲದೆ ಮಾತನ್ನಷ್ಟೇ ಹೇಳಿ, ಸುಮ್ಮನಾದ ಮೇಲೆ ಬೇರೆಡೆಯಿಂದ ತಂದು ಕೊಡಬೇಕು. ಕೂಲಿ ನಿಲ್ಲುವುದಿಲ್ಲ, ಅದು ಬೊಗಳುವುದರಿಂದ ಸುಮ್ಮನಿರುವುದಕ್ಕೆ ವರ್ಗವಾಗುತ್ತದೆ.

ಅಭ್ಯಾಸ ಮಾಡಿಸುವಾಗ ದೂರವನ್ನು ಲೆಕ್ಕದಲ್ಲಿಡಬೇಕು. ಹಾಲಿನವನು ಗೇಟು ತೆಗೆಯುತ್ತಿರುವಾಗ ಪಾಠ ಆರಂಭಿಸಿದರೆ ಅದು ಈಜು ಬಾರದವನನ್ನು ಕಬಿನಿಗೆ ತಳ್ಳಿದಂತೆ. ನಾಯಿ ಕಂಡೂ ಬೊಗಳದಷ್ಟು ದೂರದಲ್ಲಿ, ಉದಾಹರಣೆಗೆ ಬೀದಿಯ ತುದಿಯಲ್ಲಿ, ಪರಿಚಿತನೊಬ್ಬನನ್ನು ನಿಲ್ಲಿಸಿ ಅಲ್ಲಿಂದ ತೊಡಗಬೇಕು. ಅವನು ಕಂಡಾಗ ಒಂದು ಚೂರು, ಮರೆಯಾದಾಗ ಇಲ್ಲ. ದಿನ ಕಳೆದಂತೆ ಅವನು ನಾಲ್ಕು ಹೆಜ್ಜೆ ಹತ್ತಿರ. ಇವಾನ್ ಪಾವ್ಲೋವ್ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ತೋರಿಸಿದ ಸಂಬಂಧವೇ ಇದು: ಮೊದಲು ಏನು ಬರುತ್ತದೆಯೋ ಅದು ಮುಂದೆ ಬರುವುದರ ಸೂಚನೆಯಾಗುತ್ತದೆ. ಅಪರಿಚಿತನೆಂದರೆ ಅಪಾಯ ಎಂಬ ಜಾಗದಲ್ಲಿ ಅಪರಿಚಿತನೆಂದರೆ ಕೋಳಿಚೂರು ಎಂಬುದು ಬಂದು ಕೂರುತ್ತದೆ.

ಸಂಜೆಯ ಸಂಭ್ರಮದ ಮದ್ದು ಕೇಳಲು ಸುಲಭ, ಮಾಡಲು ಕಷ್ಟ. ನಾಯಿ ಹಾರಿದಾಗ ಕೈ ಕಟ್ಟಿಕೊಂಡು ಬೆನ್ನು ತಿರುಗಿಸಿ ನಿಲ್ಲಬೇಕು. ತಳ್ಳಬಾರದು, ತಳ್ಳುವುದನ್ನು ಅದು ಆಟವೆಂದು ತಿಳಿಯುತ್ತದೆ. ನಾಲ್ಕೂ ಕಾಲು ನೆಲ ಮುಟ್ಟಿದ ಮೇಲೆ ಮಾತ್ರ ಮಾತು, ಸವರಿಕೆ. ಹೊರಡುವಾಗಲೂ ಬರುವಾಗಲೂ ಮುದ್ದಿನ ಸಂಭಾಷಣೆಗಳನ್ನು ಕಡಿಮೆ ಮಾಡಬೇಕು. ಕಷ್ಟವೇನೆಂದರೆ ಮನೆಯ ಐವರಲ್ಲಿ ನಾಲ್ವರು ಈ ನಿಯಮ ಪಾಲಿಸಿ, ಐದನೆಯವರು “ಪಾಪ, ಬಾರೋ ಕಂದ” ಎಂದು ಎದೆಗೆ ಹಾರಿಸಿಕೊಂಡರೆ ನಾಲ್ವರ ಶ್ರಮವೂ ವ್ಯರ್ಥ. ಟೈಗರನ ಮನೆಯಲ್ಲಿ ಆ ಐದನೆಯವರು ಅಜ್ಜಿ, ಅಂದರೆ ನನ್ನ ತಂಗಿಯೇ. ಅವಳನ್ನು ಒಪ್ಪಿಸಲು ಎರಡು ವಾರ ಹಿಡಿಯಿತು. ಒಂದು ಮಡಿಸಿದ ಗೋಣಿಚೀಲವನ್ನು ನಡುಮನೆಯ ಮೂಲೆಯಲ್ಲಿ ಹಾಸಿ, ಅತಿಥಿಗಳು ಬಂದಾಗ ನಾಯಿ ಅದರ ಮೇಲೆ ಮಲಗುವುದನ್ನೂ ಇದೇ ಬಗೆಯಲ್ಲಿ ಕಲಿಸಿದರು. ಏನು ಮಾಡಬಾರದು ಎಂಬುದಕ್ಕಿಂತ ಏನು ಮಾಡಬೇಕು ಎಂಬುದು ನಾಯಿಗೆ ಬೇಗ ತಿಳಿಯುತ್ತದೆ.

ಸುಮಾರು ಹತ್ತನೆಯ ದಿನ ಮನೆಯವರು ಕೈಬಿಡುವ ಹಂತಕ್ಕೆ ಬಂದಿದ್ದರು, ಏಕೆಂದರೆ ಬೊಗಳುವುದು ಮೊದಲಿಗಿಂತ ಜಾಸ್ತಿಯಾಗಿತ್ತು. ಆರುವ ಮುನ್ನ ದೀಪ ಒಮ್ಮೆ ಜೋರಾಗಿ ಉರಿಯುವಂತೆ, ಕೂಲಿ ನಿಂತ ನಡವಳಿಕೆ ಸಾಯುವ ಮುನ್ನ ಒಮ್ಮೆ ಉಕ್ಕುತ್ತದೆ. ಸಬ್ಸಿಡಿ ಹಿಂತೆಗೆದುಕೊಂಡ ಮಾರನೆಯ ದಿನದ ಬೀದಿಯನ್ನು ನೆನೆಸಿಕೊಳ್ಳಿ. ಆ ಹೊತ್ತಿನಲ್ಲಿ ಸೋತು ಬಿಸ್ಕತ್ತು ಎಸೆದರೆ, ಸಾಮಾನ್ಯ ಬೊಗಳಿಗೆ ಇನ್ನು ಬೆಲೆಯಿಲ್ಲ, ಅರ್ಧ ಗಂಟೆ ಬೊಗಳಿದರೆ ಮಾತ್ರ ಬೆಲೆ ಎಂದು ನಾವೇ ಕಲಿಸಿದಂತಾಗುತ್ತದೆ. ಒಮ್ಮೊಮ್ಮೆ ಕೊಟ್ಟು ಒಮ್ಮೊಮ್ಮೆ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಕಂಡುಕೊಂಡಂತೆ, ಯಾವಾಗ ಬರುತ್ತದೆಂದು ತಿಳಿಯದ ಬಹುಮಾನ ಪ್ರಾಣಿಯನ್ನು ಅತಿ ಗಟ್ಟಿಯಾಗಿ ಅಂಟಿಸಿಕೊಳ್ಳುತ್ತದೆ. ಲಾಟರಿಯ ಗುಟ್ಟು ಅದೇ; ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಷೇಧವಾಗುವ ಮುನ್ನ ಎಷ್ಟು ಕುಟುಂಬಗಳು ಅದರಲ್ಲಿ ಬೆಂದವೆಂಬುದನ್ನು ನನ್ನ ವಯಸ್ಸಿನವರು ಕಂಡಿದ್ದಾರೆ.

ಇನ್ನು ಮೂರನೆಯದು, ರಾತ್ರಿಯ ಆ ಒಂಟಿ ದನಿ. ಇದನ್ನು ಅಭ್ಯಾಸದ ಸಮಸ್ಯೆ ಎನ್ನುವುದು ತಪ್ಪು. ಇದು ಬದುಕಿನ ಸಮಸ್ಯೆ. ಜರ್ಮನ್ ಷೆಫರ್ಡ್ ಕುರಿಮಂದೆಯ ಹಿಂದೆ ದಿನವಿಡೀ ಓಡಲೆಂದು ರೂಪಿಸಿದ ತಳಿ. ಲ್ಯಾಬ್ರಡಾರ್ ಬೇಟೆಯ ಹಕ್ಕಿಯನ್ನು ಹೊತ್ತು ತರಲು. ಅಂಥವನ್ನು ತಂದು ನಾಲ್ಕಡಿ ಚೈನಿಗೆ ಕಟ್ಟಿ, ದಿನಕ್ಕೆರಡು ಹೊತ್ತು ಅನ್ನ ಹಾಕಿ, ಅದು ನೆಮ್ಮದಿಯಿಂದಿರಬೇಕೆಂದು ನಿರೀಕ್ಷಿಸುತ್ತೇವೆ. 1960ರ ಕಾಯ್ದೆಯ 11ನೆಯ ಕಲಮು ಪ್ರಾಣಿಹಿಂಸೆಯ ಪಟ್ಟಿಯಲ್ಲಿ ಹೊಡೆತ, ಹಸಿವುಗಳ ಜೊತೆಗೆ ಇದನ್ನೂ ಸೇರಿಸಿದೆ: ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದು. ಬೇರೆ ಯಾವ ಪ್ರಾಣಿಯ ಹೆಸರನ್ನೂ ಹೇಳದೆ ನಾಯಿಯನ್ನೇ ಹೆಸರಿಸಿ ಬರೆದ ಮಾತು. ಆರು ದಶಕಗಳಿಂದ ಕಾನೂನಿನ ಪುಸ್ತಕದಲ್ಲಿದೆ. ನಮ್ಮ ಗೇಟುಗಳಲ್ಲಿ ಕಾಣುತ್ತಿಲ್ಲ.

ಇದೇ ತಳಿ ಇದೇ ತಾಲ್ಲೂಕಿನಲ್ಲಿ ಏನು ಮಾಡಬಲ್ಲುದು ಎಂಬುದನ್ನು ನಾವು ಕಂಡಿದ್ದೇವೆ. 2019ರಲ್ಲಿ ಚೌಡಹಳ್ಳಿ–ಹುಂಡೀಪುರದ ಸುತ್ತ ಹುಲಿಯೊಂದು ಇಬ್ಬರನ್ನು ಕೊಂದಾಗ, ಅಕ್ಟೋಬರಿನ ಹುಡುಕಾಟದಲ್ಲಿ ಸಾಕಾನೆಗಳ ಜೊತೆಗೆ ಅರಣ್ಯ ಇಲಾಖೆಯ ರಾಣಾ ಎಂಬ ಜರ್ಮನ್ ಷೆಫರ್ಡ್ ನಾಯಿಯೂ ಇತ್ತು. ಅದೇ ತಿಂಗಳು ಹುಲಿ ಸೆರೆಯಾಯಿತು. ಹುಲಿಯ ವಾಸನೆಗೆ ಊರನಾಯಿಗಳು ಬಾಲ ಮುದುಡುವ ಕಡೆ ಅದರ ಜಾಡು ಹಿಡಿದು ನಡೆಯಲು ರಾಣಾನಿಗೆ ಸಾಧ್ಯವಾದದ್ದು ತರಬೇತಿಯಿಂದ ಮತ್ತು ಸದಾ ಜೊತೆಗಿದ್ದ ಮನುಷ್ಯರಿಂದ. ಕನ್ನಡನಾಡಿಗೆ ಇಂಥ ನಾಯಿಗಳನ್ನು ನೆನೆಯುವ ರೂಢಿ ಹೊಸದಲ್ಲ. ಹತ್ತನೆಯ ಶತಮಾನದ ಆತಕೂರು ಶಾಸನದಲ್ಲಿ, ಯುದ್ಧದಲ್ಲಿ ಮೆರೆದ ಮಣಲೇರನು ದೊರೆ ಬೂತುಗನಿಂದ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಹಂದಿಯೊಡನೆ ಹೋರಾಡಿ ಸತ್ತ ಆ ನಾಯಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟುಕೊಟ್ಟರು.

ನಮ್ಮ ಮನೆಯ ನಾಯಿಗೆ ಹುಲಿಯನ್ನು ಹುಡುಕಿಸಬೇಕಾಗಿಲ್ಲ. ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆಯ ನಡಿಗೆ ಸಾಕು, ಆದರೆ ಅದು ನಾಯಿಯ ನಡಿಗೆಯಾಗಿರಬೇಕು. ಮೊಬೈಲಿನಲ್ಲಿ ಮಾತನಾಡುತ್ತ ಅದನ್ನು ಎಳೆದುಕೊಂಡು ಹೋಗುವುದು ನಮ್ಮ ನಡಿಗೆ. ಕಂಬ, ಕಲ್ಲು, ಬೇಲಿಗಳನ್ನು ಅದು ಮನಸಾರೆ ಮೂಸಲಿ. ಮೂಗಿನ ಕೆಲಸ ಕಾಲಿನ ಕೆಲಸಕ್ಕಿಂತ ಬೇಗ ದಣಿಸುತ್ತದೆ. ಊಟವನ್ನು ತಟ್ಟೆಯಲ್ಲಿ ಸುರಿಯುವ ಬದಲು ರಾಗಿಮುದ್ದೆಯ ತುಣುಕುಗಳನ್ನು ಹಿತ್ತಲಿನಲ್ಲಿ ಅಲ್ಲಲ್ಲಿ ಅಡಗಿಸಿ ಹುಡುಕಲು ಬಿಡಬಹುದು. ಮತ್ತೊಂದು ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ: ಬೆಳೆದ ನಾಯಿಗೂ ದಿನದ ಅರ್ಧದಷ್ಟು ನಿದ್ರೆ ಬೇಕು, ಮರಿಗಳಿಗೆ ಇನ್ನೂ ಹೆಚ್ಚು. ಗೇಟಿನ ಬಳಿ ಕಟ್ಟಿದ ನಾಯಿಗೆ ಹಗಲು ನಿದ್ರೆಯಿಲ್ಲ. ನಿದ್ರೆಗೆಟ್ಟ ಮಗುವಿನಂತೆ ಅದು ಸಂಜೆಯ ಹೊತ್ತಿಗೆ ಕೆರಳಿರುತ್ತದೆ. ಟೈಗರನನ್ನು ರಾತ್ರಿ ಮನೆಯೊಳಗೆ ಮಲಗಿಸತೊಡಗಿದ ಮೂರನೆಯ ದಿನಕ್ಕೇ ಆ ಒಂಟಿ ದನಿ ನಿಂತಿತು. ಕಾವಲೂ ಕೆಡಲಿಲ್ಲ, ಬಾಗಿಲೊಳಗೆ ಮಲಗಿದ ನಾಯಿಗೆ ಹೊರಗಿನ ಹೆಜ್ಜೆ ಚೆನ್ನಾಗಿಯೇ ಕೇಳುತ್ತದೆ.

ಬೊಗಳಿದರೆ ಕರೆಂಟು ಹೊಡೆಯುವ ಕೊರಳಪಟ್ಟಿಗಳು ಈಗ ಆನ್‌ಲೈನಿನಲ್ಲಿ ಸಿಗುತ್ತವೆ. ಅವುಗಳಿಂದ ದೂರವಿರಿ. ಎದುರಿನ ಮಗುವನ್ನು ನೋಡಿ ಬೊಗಳಿದ ಕ್ಷಣ ಕೊರಳಿಗೆ ನೋವಾದರೆ, ನೋವಿಗೆ ಕಾರಣ ಆ ಮಗುವೇ ಎಂದು ನಾಯಿ ತಿಳಿಯಬಹುದು. ಮುಂದಿನ ಬಾರಿ ಬೊಗಳದೆ ಕಚ್ಚಬಹುದು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯ 2010ರಲ್ಲಿಯೇ ಅವನ್ನು ನಿಷೇಧಿಸಿತು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಂಬಬೇಕಾಗಿಲ್ಲ, ಆದರೆ ಬೊಗಳುವ ನಾಯಿ ಮುನ್ಸೂಚನೆಯನ್ನಂತೂ ಕೊಡುತ್ತದೆ. ಆ ಸೂಚನೆಯನ್ನು ಕಿತ್ತುಹಾಕುವುದು ಬುದ್ಧಿವಂತಿಕೆಯಲ್ಲ.

ಕೆಲವು ಬದಲಾವಣೆಗಳಿಗೆ ಈ ಯಾವ ಪಾಠವೂ ಅನ್ವಯಿಸುವುದಿಲ್ಲ. ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ರಾತ್ರಿ ಬೊಗಳತೊಡಗಿದರೆ ಕಿವಿ ಮಂದವಾಗಿರಬಹುದು, ಮರೆವು ಬಂದಿರಬಹುದು. ದೀಪಾವಳಿಯ ಪಟಾಕಿಗೆ ನಡುಗಿ ಬೊಗಳುವುದು ಭಯ. ಅದಕ್ಕೆ ಒಳಕೋಣೆಯ ಆಶ್ರಯ ಮತ್ತು ನಿಮ್ಮ ಸಾನ್ನಿಧ್ಯವೇ ಮದ್ದು. ಲಸಿಕೆಯಿಲ್ಲದ ನಾಯಿಯ ದನಿ ಒಮ್ಮೆಲೆ ಒಡೆದು ಬದಲಾಗಿ, ಜೊಲ್ಲು ಸುರಿಸುತ್ತ, ಕಾರಣವಿಲ್ಲದೆ ಕೆರಳಿದರೆ ರೇಬೀಸ್ ಇರಬಹುದೆಂದು ಶಂಕಿಸಿ ದೂರ ನಿಂತು ಪಶುವೈದ್ಯರಿಗೆ ತಿಳಿಸಬೇಕು. ಕಚ್ಚಿದ್ದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.

ಕೊನೆಯದಾಗಿ ನೆರೆಮನೆಯ ಪ್ರಶ್ನೆ. ಕಾನೂನು ಇಲ್ಲಿ ಎರಡೂ ಕಡೆ ಮಾತನಾಡುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ 6ರವರೆಗೆ 45 ಡೆಸಿಬೆಲ್ ಮಿತಿ. ಹತ್ತಿರದಲ್ಲಿ ಬೊಗಳುವ ದೊಡ್ಡ ನಾಯಿ ಇವೆರಡನ್ನೂ ಸುಲಭವಾಗಿ ಮೀರುತ್ತದೆ. ಇನ್ನೊಂದೆಡೆ, ಬೊಗಳುತ್ತದೆಂಬ ಕಾರಣಕ್ಕೆ ನಿವಾಸಿಗಳ ಸಂಘಗಳು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ನೆರೆಯವರಿಗೆ ಉಪದ್ರವವಾಗದಂತೆ ನೋಡಿಕೊಳ್ಳಿ ಎಂದು ಸಾಕುವವರಿಗೂ ಹೇಳುತ್ತದೆ. ಇಂಥ ಜಗಳ ಕಚೇರಿಗಳಲ್ಲಿ ತೀರುವುದನ್ನು ನನ್ನ ಸೇವಾವಧಿಯಲ್ಲಿ ಕಂಡದ್ದು ಕಡಿಮೆ. ಕಡತ ಬೆಳೆಯುತ್ತದೆ, ನಾಯಿಯೂ ಬೆಳೆಯುತ್ತದೆ.

ಪ್ರಾಣಿಹಿಂಸೆ ತಡೆ ಕಾಯ್ದೆ ಬಂದ 1960ರಲ್ಲಿಯೇ, ಮುಂದೆ 1991ರಲ್ಲಿ ನೊಬೆಲ್ ಪಡೆದ ರೊನಾಲ್ಡ್ ಕೋಸ್ ತಮ್ಮ ಪ್ರಸಿದ್ಧ ಲೇಖನ ಪ್ರಕಟಿಸಿದರು. ಅದರಲ್ಲೊಂದು ಉದಾಹರಣೆ ಶಬ್ದದ್ದೇ: ಮಿಠಾಯಿ ತಯಾರಕನ ಯಂತ್ರದ ಸದ್ದು, ಪಕ್ಕದಲ್ಲಿ ರೋಗಿಗಳನ್ನು ನೋಡುವ ವೈದ್ಯ. ಹಾನಿ ಎರಡೂ ಕಡೆಗೆ ಸೇರಿದ್ದು, ಕೂತು ಮಾತನಾಡುವ ಖರ್ಚು ಕಡಿಮೆಯಿದ್ದರೆ ಇಬ್ಬರೂ ಒಪ್ಪುವ ಏರ್ಪಾಡು ಸಾಧ್ಯ ಎಂಬುದು ಅವರ ವಾದ. ಎಂ.ಎ. ತರಗತಿಯಲ್ಲಿ ಇದನ್ನು ರೇಖಾಚಿತ್ರ ಬರೆದು ಓದಿದ್ದೆವು. ಗುಂಡ್ಲುಪೇಟೆಯಲ್ಲಿ ಅದು ಒಂದು ಲೋಟ ಕಾಫಿಯಲ್ಲಿ ಮುಗಿಯಿತು. ಶೀಟು ಹೊಡೆಸಿದ ವಾರ ನನ್ನ ತಂಗಿ ಪಕ್ಕದ ಮನೆಗೆ ಹೋಗಿ, ಏನೇನು ಮಾಡುತ್ತಿದ್ದೇವೆ, ಇನ್ನೂ ಎಷ್ಟು ದಿನ ಬೇಕು ಎಂಬುದನ್ನು ಹೇಳಿಬಂದಳು. ಶಿಕ್ಷಕಿ ಕೇಳಿದ್ದು ಎರಡೇ: ರಾತ್ರಿ ಹತ್ತರ ನಂತರ ನಾಯಿ ಒಳಗಿರಬೇಕು, ಮೊಮ್ಮಗನ ಪರೀಕ್ಷೆಯ ದಿನಗಳಲ್ಲಿ ಮಧ್ಯಾಹ್ನವೂ ಹಿತ್ತಲಲ್ಲಿರಬೇಕು. ಪರೀಕ್ಷೆ ಮುಗಿದ ಮೇಲೆ ಸಂಜೆಯ ನಡಿಗೆಗೆ ಆ ಹುಡುಗನೇ ಚೈನು ಹಿಡಿದು ಬರುತ್ತಿದ್ದಾನೆ. ಟೈಗರ್ ಸಾಧುವೇನೂ ಆಗಿಲ್ಲ. ಹಾಲಿನವನು ಬಂದಾಗ ಈಗಲೂ ಎರಡು ಬಾರಿ ಬೊಗಳುತ್ತದೆ, ‘ಸಾಕು’ ಎಂದರೆ ನಿಲ್ಲಿಸುತ್ತದೆ. ಆ ಎರಡಕ್ಕೆ ಎರಡೂ ಮನೆಯವರ ಒಪ್ಪಿಗೆಯಿದೆ.